ಗೆರೆ ಇದ್ದರೆ ಬೆಳೆ

"ಕಣ್ಣು ಇದೆಯೋ, ಇಲ್ಲಾ ಗಂಡನ ಜೊತೆ ಅದನ್ನೂ ಮಣ್ಣು ಮಾಡಿ ಬಂದಿದ್ದೀಯೋ, ಮುಂಡೆ?"

ಗೋದಾಮಿನಲ್ಲಿ ಕಂಪ್ಯೂಟರುಗಳ ಮುಂದೆ ಕೂತಿದ್ದ ಮೂವತ್ತು ಹೆಂಗಸರ ಕೈ ಒಮ್ಮೆಗೇ ನಿಂತಿತು. ಬೈದವನು ಮೇಲ್ವಿಚಾರಕ. ಅವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಕೊರಳಪಟ್ಟಿಯಲ್ಲಿ ಫೋಟೊ ಸಮೇತ ಹೊಟ್ಟೆಯ ಮೇಲೆ ತೂಗಾಡುತ್ತಲೂ ಇತ್ತು. ಆದರೆ ಬೆಳಗಿನಿಂದ ಸಂಜೆಯವರೆಗೆ "ಕ್ಲಿಕ್ ಮಾಡ್ರೇ, ಬೇಗ ಕ್ಲಿಕ್ ಮಾಡ್ರೇ" ಎಂದು ಬಡಕೊಳ್ಳುವ ಗಂಡಸಿಗೆ ಹೆಂಗಸರು ಇಡಬಹುದಾದ ಹೆಸರು ಒಂದೇ. ಕ್ಲಿಕ್ಕಪ್ಪ.

ಬೈಸಿಕೊಂಡವಳು ಕಳೆಯಕ್ಕ. ಅವಳದೂ ಇಟ್ಟ ಹೆಸರಲ್ಲ, ಕೆಲಸ ಕೊಟ್ಟ ಹೆಸರು. ಹದಿನೈದು ವರ್ಷ ಊರಿನ ದಣಿಯ ಹೊಲಗಳಲ್ಲಿ ಕಳೆ ಕಿತ್ತವಳು. ಎರಡೆಲೆಯ ಮೊಳಕೆಯನ್ನು ಕಣ್ಣು ಮುಚ್ಚಿ ಮುಟ್ಟಿ, ಇದು ಪೈರು, ಇದು ಕಳೆ ಎಂದು ಹೇಳಿಬಿಡುತ್ತಿದ್ದಳು. ಅಂಥವಳಿಗೆ ಕಣ್ಣಿಲ್ಲ ಎನ್ನುತ್ತಿದ್ದವನು ಜೋಳಕ್ಕೂ ಹುಲ್ಲಿಗೂ ವ್ಯತ್ಯಾಸ ಗೊತ್ತಿಲ್ಲದ ಮಹಾನುಭಾವ.

"ಸಾರ್, ಅದು ಹೊಲಾನೇ," ಎಂದಳು ಕಳೆಯಕ್ಕ. "ಬೆರಕೆ ಹೊಲ. ಜೋಳ, ತೊಗರಿ, ಅಲಸಂದೆ, ಹರಳು, ಎಲ್ಲಾ ಕಲಸಿ ಬಿತ್ತಿದ್ದಾರೆ. ಅದಕ್ಕೇ ಸಾಲು ಕಾಣಿಸ್ತಿಲ್ಲ."

"ಬೆರಕೆ ಅಂತ ಗುಂಡಿ ಇದೆಯಾ?"

ಅವಳು ಕಂಪ್ಯೂಟರ್ ತೆರೆಯ ಅಂಚನ್ನು ನೋಡಿದಳು. ಅಲ್ಲಿ ನಾಲ್ಕೇ ಗುಂಡಿ. ಬೆಳೆ, ಪಾಳು, ನೀರು, ಮನೆ.

"ಇಲ್ಲ ಸಾರ್."

"ಗುಂಡಿ ಇಲ್ಲ ಅಂದ್ಮೇಲೆ ಅಂಥದ್ದು ಲೋಕದಲ್ಲೇ ಇಲ್ಲ. ಬೆರಕೆ ಇರೋದು ನಿಮ್ಮ ಹುಟ್ಟಿನಲ್ಲಿ, ಹೊಲದಲ್ಲಲ್ಲ. ಗೋಡೆ ಮೇಲೆ ಏನ್ ಬರೆದಿದೆ? ಏ ಗಿಳಿ, ಹೇಳೇ!"

ಪಕ್ಕದ ಕುರ್ಚಿಯವಳು ತಟ್ಟನೆ ಎದ್ದು ನಿಂತಳು. "ಗೆರೆ ಇದ್ದರೆ ಬೆಳೆ, ಗೆರೆ ಇಲ್ಲದಿದ್ದರೆ ಪಾಳು!"

ಅವಳು ದಣಿಯ ಅಂಗಳ ಗುಡಿಸುವವಳ ಮಗಳು. ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ಅದಕ್ಕೇ ಗಿಳಿ. ಇನ್ನೊಂದು ಕುರ್ಚಿಯಲ್ಲಿ ಮೊನ್ನೆ ಮೊನ್ನೆ ಬಸಿರಾದವಳೊಬ್ಬಳು ಕೂತಿದ್ದಳು, ಆಗಲೇ ಎಲ್ಲರ ಬಾಯಲ್ಲಿ ಅವಳ ಹೆಸರು ಬಸುರಿ. ಅವಳ ಗಂಡ ದಣಿಯ ಟ್ರ್ಯಾಕ್ಟರ್ ಓಡಿಸುತ್ತಾನೆ. ಅವಳು ತಲೆ ಎತ್ತಲಿಲ್ಲ.

ಕೆಲಸ ಹೇಳುವುದಕ್ಕೆ ಸುಲಭ. ಆಕಾಶದಲ್ಲಿ ಸುತ್ತುವ ಉಪಗ್ರಹ ನೆಲದ ಚಿತ್ರ ತೆಗೆದು ಕಳಿಸುತ್ತದೆ, ಒಂದೊಂದು ಜಾಗಕ್ಕೂ ವರ್ಷಕ್ಕೆ ನಾಲ್ಕು. ಹೆಂಗಸರು ಇಲಿ ಹಿಡಿದು (ಮೌಸಿಗೆ ಅವರು ಬೇರೆ ಹೆಸರು ಹುಡುಕುವ ಗೋಜಿಗೆ ಹೋಗಿರಲಿಲ್ಲ) ಒಂದೊಂದು ತುಂಡು ನೆಲದ ಸುತ್ತ ಗೆರೆ ಎಳೆಯಬೇಕು, ಗುಂಡಿ ಒತ್ತಬೇಕು. ಹೀಗೆ ಲಕ್ಷಗಟ್ಟಲೆ ಚಿತ್ರ ತೋರಿಸಿ ಇದು ಬೆಳೆ, ಇದು ಪಾಳು ಎಂದು ಹೇಳಿಕೊಟ್ಟರೆ ಯಂತ್ರಕ್ಕೆ ತನ್ನದೇ ಕಣ್ಣು ಬರುತ್ತದೆ. ಆಮೇಲೆ ಅದು ದೇಶದ ಹೊಲವನ್ನೆಲ್ಲ ತಾನೇ ನೋಡಿ ತಾನೇ ಹೇಳುತ್ತದೆ. ಒಂದು ಚಿತ್ರ ಮೂವರ ಮುಂದೆ ಬರುತ್ತದೆ. ಮೂವರಲ್ಲಿ ಇಬ್ಬರು ಹೇಳಿದ್ದು ನಿಜ. ಮೂರನೆಯವಳ ಹೆಸರಿನ ಮುಂದೆ ಗೋಡೆಯ ಹಲಗೆಯ ಮೇಲೆ ಕೆಂಪು ಬೀಳುತ್ತದೆ. ಕೆಂಪು ಬಿದ್ದವಳು ಆ ದಿನ ಬಾಗಿಲ ಬಳಿ ನಿಂತೇ ಉಣ್ಣಬೇಕು. ಮೂರು ಕೆಂಪು ಬಿದ್ದರೆ ನಾಳೆಯಿಂದ ಬರಬೇಕಾಗಿಲ್ಲ.

ಅಂದು ಕಳೆಯಕ್ಕ ಬಾಗಿಲ ಬಳಿ ನಿಂತು ಉಂಡಳು. ಅದು ಅವಳ ಎರಡನೆಯ ಕೆಂಪು. ಉಂಡ ಮೇಲೆ ಬಂದು ಕೂತು, ಬೆರಕೆ ಹೊಲ ಕಂಡಲ್ಲೆಲ್ಲ ಪಾಳು, ಪಾಳು, ಪಾಳು ಎಂದು ಒತ್ತಿದಳು. ಆ ದಿನ ಒತ್ತಿದಳು, ಆ ವಾರ ಒತ್ತಿದಳು, ಆರು ತಿಂಗಳು ಒತ್ತಿದಳು. ಬೆರಳಿಗೆ ಅಭ್ಯಾಸವಾಯಿತು. ಒಳಗೊಳಗೇ ಏನೋ ಚುಚ್ಚುತ್ತಿತ್ತು, ಆದರೆ ಚುಚ್ಚುವುದಕ್ಕೆ ಹೊಟ್ಟೆ ಕೇಳುತ್ತದೆಯೇ? ಕ್ಲಿಕ್ಕಪ್ಪ ಅವಳ ಬೆನ್ನ ಹಿಂದೆ ನಿಂತು, "ಈಗ ನೋಡು, ದಾರಿಗೆ ಬಂದೆ," ಎಂದ.

* * *

ಕಳೆಯಕ್ಕನ ಮನೆಯಲ್ಲಿ ಇರುವವರು ಇಬ್ಬರು, ಅವಳು ಮತ್ತು ಅವಳ ಅತ್ತೆ. ಅತ್ತೆಗೆ ಅರವತ್ತು ದಾಟಿತ್ತು. ಹಲ್ಲು ಅರ್ಧ ಹೋಗಿದ್ದರೂ ನಾಲಿಗೆ ಪೂರ್ತಿ ಉಳಿದಿತ್ತು.

"ದಿನಾ ಹೋಗಿ ಏನ್ ಕಡಿದು ಗುಡ್ಡೆ ಹಾಕ್ತೀಯೇ ಅಲ್ಲಿ?" ಎಂದು ಕೇಳಿದ್ದಳು ಮೊದಲ ವಾರ.

"ಯಂತ್ರಕ್ಕೆ ಪಾಠ ಹೇಳ್ತೀವಿ ಅತ್ತೆ."

"ನಿಮಗೆ ಯಾರೂ ಹೇಳಿಕೊಡಲಿಲ್ಲ, ನೀವು ಯಂತ್ರಕ್ಕೆ ಹೇಳಿಕೊಡ್ತೀರಾ? ಕಾಲ ಕೆಟ್ಟಿಲ್ಲ ಬಿಡು, ಯಂತ್ರದ ಗ್ರಹಚಾರ ಕೆಟ್ಟಿದೆ."

ಅವರ ಹೊಲ ಇದ್ದದ್ದು ಗುಡ್ಡದ ಮಗ್ಗುಲಲ್ಲಿ. ಹನ್ನೆರಡು ಮನೆಯವರು ಹಂಚಿಕೊಂಡು ಉಳುವ ಇಳಿಜಾರು ಅದು. ಕಲ್ಲು ಆರಿಸಿ ಆರಿಸಿ ಮೂರು ತಲೆಮಾರಿನ ಉಗುರು ಸವೆದ ಮೇಲೆ ಮಣ್ಣು ಎನ್ನುವ ಹಾಗಾಗಿತ್ತು. ಅವರ ಕೈಯಲ್ಲಿ ಹಕ್ಕಿನ ಕಾಗದವಿರಲಿಲ್ಲ, ಬೇಸಾಯವಿತ್ತು. ಬಿತ್ತನೆ ಬೀಜ ಕೊಳ್ಳುವ ಶಕ್ತಿ ಎಂದೂ ಇರಲಿಲ್ಲ. ಹಿಂದೆ ದಣಿಯ ಕಣ ಗುಡಿಸಿದ ಮೇಲೆ ಉಳಿದ ಕಸವನ್ನು ಸೆರಗಿಗೆ ಕಟ್ಟಿಕೊಂಡು ಬರುತ್ತಿದ್ದರು. ಅದರಲ್ಲಿ ಜೋಳದ ಜೊತೆ ತೊಗರಿ, ತೊಗರಿಯ ಜೊತೆ ಕುಂಬಳದ ಬೀಜ. ಯಾರು ಬೇರ್ಪಡಿಸುತ್ತಾರೆ? ಹಾಗೇ ಎರಚಿದರು. ಒಂದು ಒಣಗಿದರೆ ಇನ್ನೊಂದು ನಿಂತಿತು, ಒಂದಕ್ಕೆ ಹುಳ ಬಿದ್ದರೆ ಮತ್ತೊಂದು ಉಳಿಯಿತು. ಬಡತನದಲ್ಲಿ ಮಾಡಿದ್ದೇ ಬುದ್ಧಿವಂತಿಕೆ ಆಯಿತು.

"ಒಂದೇ ಬೆಳೆ ನಂಬ್ಕೊಳ್ಳೋದು ಅಂದ್ರೆ ಒಂದೇ ಮಗನ್ನ ಹೆತ್ತ ಹಾಗೆ ಕಣೆ," ಎನ್ನುತ್ತಿದ್ದಳು ಅತ್ತೆ.

ಅವಳು ಹೆತ್ತದ್ದು ಒಬ್ಬನನ್ನೇ. ನಾಲ್ಕು ವರ್ಷದ ಹಿಂದೆ ಆ ಇಳಿಜಾರಿನ ನಡುವೆ ಬಾವಿ ತೋಡುತ್ತಿದ್ದಾಗ ಮಗ್ಗುಲು ಕುಸಿದು ಅವನು ಒಳಗೇ ಹೋದ. ಹೆಣ ತೆಗೆಯಲು ದಣಿಯ ಮಣ್ಣು ಅಗೆಯುವ ಯಂತ್ರ ಕೇಳಿದರೆ, ಬಿತ್ತನೆ ಮುಗಿಯಲಿ ಎಂದಿದ್ದ ದಣಿ. ಮೂರು ದಿನ ಕೈಯಲ್ಲೇ ಮಣ್ಣು ತೆಗೆದರು. ಬಾವಿ ಅರ್ಧಕ್ಕೇ ನಿಂತಿತು. ಅತ್ತೆ ಸೊಸೆ ಇಬ್ಬರೂ ಅದನ್ನು ಬಾವಿ ಎನ್ನುತ್ತಿರಲಿಲ್ಲ, ಗುಂಡಿ ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಆ ಗುಂಡಿಯ ಪಕ್ಕದ ಬಂಡೆಗೆ ಯಾರೋ ನೋಟೀಸು ಅಂಟಿಸಿ ಹೋಗಿದ್ದರು. ಏಳನೇ ತರಗತಿ ಓದಿದ್ದವಳು ಕಳೆಯಕ್ಕ ಒಬ್ಬಳೇ. ಹನ್ನೆರಡು ಮನೆಯವರು ಸುತ್ತ ನಿಂತರು. ಅವಳು ಜೋರಾಗಿ ಓದಿದಳು.

"ಉಪಗ್ರಹ ಚಿತ್ರಗಳ ಯಾಂತ್ರಿಕ ವಿಶ್ಲೇಷಣೆಯ ಪ್ರಕಾರ, ಸದರಿ ಗುಡ್ಡದ ಜಮೀನು ಸತತ ಎರಡು ವರ್ಷಗಳಿಂದ ಸಾಗುವಳಿಯಾಗದೆ ಪಾಳು ಬಿದ್ದಿರುವುದು ಕಂಡುಬಂದಿದ್ದು..."

"ಏನಂತೆ?" ಎಂದಳು ಅತ್ತೆ. ಅವಳ ಸೊಂಟದಷ್ಟು ಎತ್ತರಕ್ಕೆ ಜೋಳ ನಿಂತಿತ್ತು. ಕಾಲ ಬಳಿ ಕುಂಬಳದ ಬಳ್ಳಿ ಹರಡಿತ್ತು.

"ಇಲ್ಲಿ ಯಾರೂ ಏನೂ ಬೆಳೀತಿಲ್ವಂತೆ. ಅದಕ್ಕೇ ನೆಲ ಸರ್ಕಾರದ್ದಂತೆ. ಯೋಗ್ಯರು ಯಾರಾದ್ರೂ ಅರ್ಜಿ ಹಾಕಿದ್ರೆ ಗುತ್ತಿಗೆ ಕೊಡ್ತಾರಂತೆ."

"ಯೋಗ್ಯರು ಅಂದ್ರೆ ಯಾರು?"

ಎಲ್ಲರ ಕಣ್ಣೂ ಕೆಳಗೆ ದಣಿಯ ಬಯಲಿನತ್ತ ಹೋಯಿತು. ಯೋಗ್ಯ ಯಾರು ಎಂದು ಆ ಸುತ್ತಿನ ದನಗಳಿಗೂ ಗೊತ್ತಿತ್ತು.

ನೋಟೀಸಿನ ಕೆಳಗೆ ಅಂಗೈಯಗಲದ ಚಿತ್ರವಿತ್ತು. ಇಳಿಜಾರು, ಅದರ ಸುತ್ತ ಹಳದಿ ಗೆರೆ, ನಡುವೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ. ಕಳೆಯಕ್ಕನ ಬೆರಳು ಆ ಚುಕ್ಕೆಯ ಮೇಲೆ ನಿಂತಿತು. ಅದು ಅವಳ ಗಂಡನ ಗುಂಡಿ. ಸುತ್ತಲಿನ ಬೂದು ಹಸಿರು ಕಲಸುಮಲಸು ಅವಳಿಗೆ ಎಷ್ಟು ಪರಿಚಿತ! ಇಂಥದನ್ನೇ ಆರು ತಿಂಗಳು ಸಾವಿರ ಸಲ ನೋಡಿದ್ದಳು, ಸಾವಿರ ಸಲ ಪಾಳು ಎಂದು ಒತ್ತಿದ್ದಳು. ಬೇರೆಲ್ಲೋ ಇರುವ, ಬೇರೆ ಯಾರದೋ ಹೊಲಗಳು ಅವು. ಅಲ್ಲಿ ಕಲಿತದ್ದನ್ನು ಯಂತ್ರ ಇಲ್ಲಿಗೆ ಬಂದು ಒಪ್ಪಿಸಿತ್ತು.

ಅವರೆಲ್ಲ ಚದುರಿದ ಮೇಲೆ ಅತ್ತೆಗೆ ಹೇಳಿದಳು. ಹೇಳದೆ ಇರಲು ಆಗಲಿಲ್ಲ. "ಅತ್ತೆ, ಇದನ್ನ ಪಾಳು ಅಂತ ಹೇಳಿಕೊಟ್ಟೋಳು ನಾನೇ."

ಅತ್ತೆ ಕೈ ಎತ್ತಿದಳು. ಹೊಡೆಯುತ್ತಾಳೆ ಎಂದುಕೊಂಡು ಕಳೆಯಕ್ಕ ಕಣ್ಣು ಮುಚ್ಚಿದಳು, ಹೊಡೆದರೆ ಸಾಕು ಎನಿಸಿತ್ತು. ಏಟು ಬೀಳಲಿಲ್ಲ. ಅತ್ತೆ ಬಾಗಿ ಬಳ್ಳಿಯಡಿಯ ಒಂದು ಗರಿಕೆ ಕಿತ್ತು ಬಿಸಾಡಿದಳು.

"ನೀನೇ ಕಲಿಸಿದ್ದಾ?"

"ಹೂಂ."

"ಹಾಗಾದ್ರೆ ನೀನೇ ಮರೆಸು. ಹೇಳಿಕೊಟ್ಟ ಬಾಯಿಗೆ ತಿದ್ದೋಕೆ ಬರಲ್ವಾ?"

* * *

ನೋಟೀಸಿನ ವಿಚಾರಣೆಯ ದಿನ ಅತ್ತೆ ತಲೆಯ ಮೇಲೆ ಕುಂಬಳಕಾಯಿ ಹೊತ್ತು ಹೊರಟಳು. ಬಳ್ಳಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡದು. ಕಳೆಯಕ್ಕನ ಕಂಕುಳಲ್ಲಿ ಜೋಳದ ತೆನೆ, ತೊಗರಿ ಕಾಯಿ ತುಂಬಿದ ಬುಟ್ಟಿ. ಜಮೀನು ಕಚೇರಿಯ ಎರಡನೇ ಮಹಡಿ ಹತ್ತುವಷ್ಟರಲ್ಲಿ ಮುದುಕಿ ಏದುಸಿರು ಬಿಡುತ್ತಿದ್ದಳು.

ಒಳಗೆ ಸಾಹೇಬ ಕೂತಿದ್ದ. ಅವನ ಎದುರಿನ ಮೆತ್ತನೆಯ ಕುರ್ಚಿಯಲ್ಲಿ ದಣಿ ಕೂತಿದ್ದ, ಟೀ ಕುಡಿಯುತ್ತಿದ್ದ. ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕ್ಲಿಕ್ಕಪ್ಪ ನಿಂತಿದ್ದ. ಗೋದಾಮು ದಣಿಯದು, ಗೋದಾಮಿನ ಕೆಲಸ ಸಾಹೇಬನ ಕಚೇರಿಯದು, ಕ್ಲಿಕ್ಕಪ್ಪ ಇಬ್ಬರದೂ. ಅತ್ತೆ ಕುಂಬಳಕಾಯಿಯನ್ನು ಧೊಪ್ಪೆಂದು ಮೇಜಿನ ಮೇಲಿಟ್ಟಳು. ಟೀ ತುಳುಕಿತು.

"ಏಯ್! ಏನಿದು?"

"ಪಾಳು ಸಾಹೇಬ್ರೆ," ಎಂದಳು ಅತ್ತೆ. "ನಮ್ಮ ಪಾಳಿನಲ್ಲಿ ಬಿಟ್ಟಿದ್ದು."

ಸಾಹೇಬನಿಗೆ ನಗು ಬರಲಿಲ್ಲ. ಜವಾನನನ್ನು ಕರೆದ. ಜವಾನ ಬಂದು ಹಳೆ ಪೇಪರು ಹಿಡಿದು, ಪೇಪರಿನಿಂದಲೇ ಕಾಯಿಯನ್ನು ಎತ್ತಿ ನೆಲಕ್ಕಿಟ್ಟು, ಅದು ಕೂತಿದ್ದ ಜಾಗಕ್ಕೆ ಔಷಧ ಸಿಂಪಡಿಸಿ ಎರಡು ಸಲ ಒರೆಸಿದ. ಅವರ ಬುಟ್ಟಿಯನ್ನು ಮುಟ್ಟಲೂ ಇಲ್ಲ.

"ನೋಡಮ್ಮ, ಇದನ್ನ ಎಲ್ಲಿಂದಾದ್ರೂ ತಂದಿರಬಹುದು. ಇದು ಸಾಕ್ಷಿ ಅಲ್ಲ. ಸಾಕ್ಷಿ ಅಂದ್ರೆ ಇದು." ಸಾಹೇಬ ಒಂದು ಭೂಪಟ ಬಿಡಿಸಿದ. "ಆಕಾಶದಿಂದ ನೋಡಿ ಹೇಳಿರೋದು. ಮನುಷ್ಯರು ಸುಳ್ಳು ಹೇಳ್ತಾರೆ, ಯಂತ್ರ ಹೇಳಲ್ಲ. ಅದಕ್ಕೆ ಜಾತಿ ಇಲ್ಲ, ನೆಂಟರಿಷ್ಟರಿಲ್ಲ."

"ಸಾಹೇಬ್ರೆ, ಆ ಪರದೆ ಸ್ವಲ್ಪ ಸರಿಸ್ತೀರಾ?" ಎಂದಳು ಅತ್ತೆ.

"ಯಾಕೆ?"

"ಕಿಟಕಿ ಆಚೆಗೇ ನಮ್ಮ ಗುಡ್ಡ. ಆಕಾಶಕ್ಕೆ ಹೋಗೋದು ಯಾಕೆ, ಕೂತಲ್ಲಿಂದಲೇ ಕಾಣುತ್ತೆ. ಅಂಗೈ ಹುಣ್ಣು ನೋಡೋಕೆ ಕನ್ನಡಿ ಬೇಕಾ?"

"ಬಿಸಿಲು ಬರುತ್ತೆ," ಎಂದ ಸಾಹೇಬ. ಪರದೆ ಸರಿಯಲಿಲ್ಲ.

ದಣಿ ಟೀ ಲೋಟ ಕೆಳಗಿಟ್ಟ. "ಬೆರಕೆ ಮುಂಡೇವು! ಏನ್ ಬಿತ್ತಿದ್ದೀವಿ ಅನ್ನೋದೇ ಗೊತ್ತಿಲ್ಲ ಇವಕ್ಕೆ. ಕಾಡು ಬೆಳೆಸಿಟ್ಟು ಹೊಲ ಅಂತವೆ. ನನ್ನ ಜಮೀನು ನೋಡಿ ಸಾಹೇಬ್ರೆ, ಗೆರೆ ಎಳೆದ ಹಾಗೆ."

ಕಳೆಯಕ್ಕನ ಕಣ್ಣು ಭೂಪಟದ ಮೇಲೆಯೇ ಇತ್ತು. ಗುಡ್ಡಕ್ಕೆ ಹಳದಿ ಬಳಿದಿತ್ತು. ಹಳದಿ ಎಂದರೆ ಪಾಳು. ಕೆಳಗಿನ ಬಯಲಿನ ದಣಿಯ ಜಮೀನಿಗೆಲ್ಲ ದಟ್ಟ ಹಸಿರು. ಹಸಿರು ಎಂದರೆ ಬೆಳೆ. ಅದು ಅವಳ ತಲೆಗೆ ಹೋಗಲು ಒಂದು ಗಳಿಗೆ ಹಿಡಿಯಿತು. ಆ ಬಯಲಲ್ಲಿ ಅವಳು ಹದಿನೈದು ವರ್ಷ ಬಗ್ಗಿದವಳು. ಈಗೆರಡು ವರ್ಷದಿಂದ ಯಾರೂ ಅವಳನ್ನು ಬಗ್ಗಲು ಕರೆದಿರಲಿಲ್ಲ.

"ಮುಂದಿನ ತಿಂಗಳು ಗೋದಾಮಿನಲ್ಲಿ ಎಲ್ಲರ ಎದುರೇ ಯಂತ್ರ ಓಡಿಸ್ತೀವಿ," ಎಂದ ಸಾಹೇಬ. "ಈ ಭಾಗದ್ದೇ ಚಿತ್ರ ತೋರಿಸಿ ಅದಕ್ಕೆ ಕೊನೇ ಪಾಠ ಆಗುತ್ತೆ. ಆ ದಿನ ಅದು ಏನು ಹೇಳುತ್ತೋ ಅದೇ ಅಂತಿಮ. ನನ್ನ ಸಹಿ ಈಗಾಗಲೇ ಬಿದ್ದಿದೆ. ಎರಡು ವರ್ಷ ಪಾಳು ಅಂತ ಬಂದರೆ ನೆಲ ಸರ್ಕಾರದ್ದು. ಅದು ಯಾರದೇ ಆಗಿರಲಿ."

"ಯಾರದೇ ಆಗಿರಲಿ," ಎಂದು ದಣಿ ತಲೆದೂಗಿದ.

ಅತ್ತೆ ಬಾಗಿ ಕುಂಬಳಕಾಯಿ ಎತ್ತಿಕೊಂಡಳು. ಮೆಟ್ಟಿಲು ಇಳಿಯುವಾಗ, "ಸೂಳೆಮಗ, ಮೇಜು ಒರೆಸಿದ ನೋಡು," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಮಗ ಸತ್ತಾಗಲೂ ಅತ್ತೆ ಜನರ ಎದುರು ಅತ್ತಿರಲಿಲ್ಲ.

* * *

ಗೋದಾಮಿನ ಹಿಂದೆ ಒಂದು ನಲ್ಲಿ ಇದೆ. ಅಲ್ಲಿ ಹೆಂಗಸರಿಗೆ ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಮನುಷ್ಯರಾಗಿರಲು ಅಪ್ಪಣೆ. ಕೊನೇ ಪಾಠದ ಚಿತ್ರಗಳು ಬಂದ ದಿನ ಕಳೆಯಕ್ಕ ಗಿಳಿಯನ್ನೂ ಬಸುರಿಯನ್ನೂ ಅಲ್ಲಿ ನಿಲ್ಲಿಸಿಕೊಂಡಳು.

"ದಣಿ ಬಯಲಿನ ಚಿತ್ರ ಬಂದಿದೆ, ನೋಡಿದ್ರಾ?"

"ಗೆರೆ ಇದೆ," ಎಂದಳು ಗಿಳಿ. "ಗೆರೆ ಇದ್ದರೆ ಬೆಳೆ."

"ಗಿಳಿ, ಅಲ್ಲಿ ನೀನು ಕೊನೇ ಸಲ ಕಳೆ ಕಿತ್ತಿದ್ದು ಯಾವಾಗ?"

ಗಿಳಿ ಬೆರಳು ಮಡಚಿದಳು. "ಎರಡು ವರ್ಷ ಆಯ್ತಕ್ಕ."

"ಬೆಳೆ ಇದ್ದಿದ್ರೆ ಕಳೆ ಇರ್ತಿತ್ತು. ಕಳೆ ಇದ್ದಿದ್ರೆ ಕೂಲಿಗೆ ಕರೀತಿದ್ರು. ಕರೆದಿದ್ರೆ ನಾವು ಇಲ್ಲಿ ಈ ಇಲಿ ಹಿಡ್ಕೊಂಡು ಯಾಕೆ ಕೂರ್ತಿದ್ವೆ? ಹೇಳು."

ಯಾರೂ ಹೇಳಿಕೊಡದ ಪ್ರಶ್ನೆಗೆ ಉತ್ತರ ಕೊಟ್ಟು ಗಿಳಿಗೆ ರೂಢಿಯಿರಲಿಲ್ಲ. ಉತ್ತರ ಬಂದದ್ದು ಬಸುರಿಯಿಂದ. ನಲ್ಲಿಯನ್ನು ಜೋರಾಗಿ ಬಿಟ್ಟು, ಆ ಸದ್ದಿನಲ್ಲಿ ಅವಳು ಹೇಳಿದಳು.

"ನನ್ನ ಗಂಡನೇ ಗೆರೆ ಎಳೆಯೋದು. ಚಿತ್ರ ತೆಗೆಯೋ ವಾರ ಯಾವುದು ಅಂತ ಕ್ಲಿಕ್ಕಪ್ಪ ಮೊದಲೇ ಹೇಳಿ ಕಳಿಸ್ತಾನೆ. ಆಗ ಟ್ರ್ಯಾಕ್ಟರ್ ತಗೊಂಡು ಬಯಲಿಗೆಲ್ಲ ಗೆರೆ ಹೊಡೀಬೇಕು. ಬೀಜ ಹಾಕಲ್ಲ. ದಣಿ ನೆಲದ ಬೆಲೆ ಏರಲಿ ಅಂತ ಕಾಯ್ತಿದ್ದಾನೆ. ಬರೀ ಗೆರೆ ಅಕ್ಕ. ಇವನು ಮನೆಗೆ ಬಂದು ತಲೆ ಚಚ್ಕೋತಾನೆ, ಉತ್ತು ಉತ್ತು ಬಿತ್ತದೇ ಇರೋದು ಪಾಪ ಅಂತ."

ನೀರು ಸುರಿಯುತ್ತಿತ್ತು.

"ನಾನು ಸುಳ್ಳು ಒತ್ತಿ ಅನ್ನಲ್ಲ," ಎಂದಳು ಕಳೆಯಕ್ಕ. "ಕಳೆ ಕೀಳೋ ಕೈ ಪೈರು ಕೀಳಬಾರದು, ದಣೀದಾದ್ರೂ ಸರಿ. ನಾಲ್ಕು ಚಿತ್ರಾನೂ ನೋಡಿ. ನಾಲ್ಕರಲ್ಲೂ ಕಂದು ಗೆರೆ ಹಾಗೇ ಇದ್ರೆ ಅಲ್ಲಿ ಏನೂ ಹುಟ್ಟಿಲ್ಲ ಅಂತ. ಒಂದರಲ್ಲಿ ಇಲ್ಲಿ ಹಸಿರು, ಇನ್ನೊಂದರಲ್ಲಿ ಅಲ್ಲಿ ಹಸಿರು ಅಂದ್ರೆ ಅದು ಬೆರಕೆ ಹೊಲ, ಬೆಳೆ. ಇಷ್ಟೇ. ಕಂಡಿದ್ದನ್ನ ಒತ್ತಿ."

"ಕೆಂಪು ಬಿದ್ರೆ?" ಎಂದಳು ಗಿಳಿ.

"ಎಲ್ಲಾರೂ ಒಂದೇ ಹೇಳಿದ್ರೆ ಕೆಂಪು ಯಾರಿಗೆ ಬೀಳುತ್ತೆ?"

ಮಾತು ನಲ್ಲಿಗೆ ಬರುವವರ ಕಿವಿಗೆಲ್ಲ ಹೋಯಿತು, ಅಲ್ಲಿಂದ ಸಾಲಿನಿಂದ ಸಾಲಿಗೆ. ಮೂವತ್ತು ಜನರೂ ಒಂದು ಕಾಲದಲ್ಲಿ ಬಯಲಲ್ಲಿ ಸಾಲು ಹಿಡಿದು ಕಳೆ ಕಿತ್ತವರೇ. ಒಬ್ಬಳು ಹಾಡಿದ್ದನ್ನು ಸಾಲಿನ ತುದಿಯವರೆಗೆ ದಾಟಿಸುವುದು ಅವರಿಗೆ ಹೊಸದಲ್ಲ. ಹನ್ನೆರಡು ದಿನ ಕೊನೇ ಪಾಠ ನಡೆಯಿತು. ಹನ್ನೆರಡು ದಿನವೂ ಹಲಗೆಯ ಮೇಲೆ ಒಂದೇ ಒಂದು ಕೆಂಪು ಬೀಳಲಿಲ್ಲ.

ಕ್ಲಿಕ್ಕಪ್ಪ ಸೊಂಟದ ಮೇಲೆ ಕೈಯಿಟ್ಟು ಹಲಗೆಯ ಮುಂದೆ ನಿಂತ. ಅದರ ಫೋಟೊ ತೆಗೆದು ಮೇಲಿನವರಿಗೆ ಕಳಿಸಿದ. "ನೋಡಿದ್ರಾ? ಈಗ ನೀವು ಮನುಷ್ಯರಾದ್ರಿ," ಎಂದ. ಚಿತ್ರಗಳನ್ನು ತೆರೆದು ನೋಡುವ ಗೋಜಿಗೆ ಅವನು ಹೋಗಲಿಲ್ಲ. ಅಂಕಿ ಚೆನ್ನಾಗಿತ್ತು, ಸಾಕಿತ್ತು.

* * *

ಯಂತ್ರ ಓಡಿಸುವ ದಿನ ಗೋದಾಮಿನ ಕಂಪ್ಯೂಟರುಗಳನ್ನು ಗೋಡೆಗೆ ಸರಿಸಿ ನಡುವೆ ಕುರ್ಚಿ ಹಾಕಿದ್ದರು. ಮುಂದಿನ ಸಾಲಿನಲ್ಲಿ ಸಾಹೇಬ, ಅವನ ಮೇಲಿನ ಇಬ್ಬರು ಸಾಹೇಬರು, ದಣಿ. ಹಿಂದೆ ಸುತ್ತಲಿನ ಜಮೀನುದಾರರು. ಅವರ ಹಿಂದೆ, ನಿಂತುಕೊಂಡು, ಗುಡ್ಡದ ಹನ್ನೆರಡು ಮನೆಯವರು. ಅತ್ತೆಯ ಸೊಂಟದ ಮೇಲೆ ಅದೇ ಕುಂಬಳಕಾಯಿ. ಮೂವತ್ತು ಹೆಂಗಸರು ಗೋಡೆಗೆ ಆತು ನಿಂತರು.

ದೊಡ್ಡ ಸಾಹೇಬರ ಎದುರು ಸಾಹೇಬ ಮತ್ತೊಮ್ಮೆ ಹೇಳಿದ: ಯಂತ್ರಕ್ಕೆ ಸುಳ್ಳು ಗೊತ್ತಿಲ್ಲ, ಇಂದು ಅದು ಹೇಳುವುದೇ ಅಂತಿಮ, ಆದೇಶಕ್ಕೆ ಸಹಿ ಬಿದ್ದಿದೆ. ಚಪ್ಪಾಳೆ ಬಿತ್ತು. ಕ್ಲಿಕ್ಕಪ್ಪ ತನ್ನ ಕೈಯಾರೆ ಕ್ಲಿಕ್ ಮಾಡಿದ.

ಬಿಳಿ ಗೋಡೆಯ ಮೇಲೆ ಬೂದು ನೆಲ ಮೂಡಿತು. ಅದರ ಮೇಲೆ ಹೆಸರಿರಲಿಲ್ಲ, ಗುರುತಿರಲಿಲ್ಲ. ಯಂತ್ರ ಎಡದಿಂದ ಬಣ್ಣ ಬಳಿಯುತ್ತ ಬಂತು. ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಯ ಸುತ್ತ ಬಂದು ಒಂದು ಗಳಿಗೆ ತಡೆಯಿತು. ಹಸಿರು ತುಂಬಿತು. ಗುಡ್ಡದ ಮಗ್ಗುಲಿಗೆಲ್ಲ ಹಸಿರು. ಹಾಗೇ ಬಲಕ್ಕೆ ಸರಿದು ಒಂದು ದೊಡ್ಡ ತುಂಡು ಬಯಲಿಗೆ ಬಂದಿತು. ಅದರ ತುಂಬ ಹಳದಿ. ಅಂಚಿನಿಂದ ಅಂಚಿಗೆ.

"ಏಯ್! ಅದು ನನ್ನ ಜಮೀನು ಕಣೋ!" ದಣಿ ಕುರ್ಚಿ ಉರುಳಿಸಿಕೊಂಡು ಎದ್ದ.

ಹಿಂದಿನಿಂದ ಅತ್ತೆಯ ದನಿ ಬಂತು. "ಯಾರದು ಅಂತ ಯಾರೂ ಹೇಳೇ ಇಲ್ಲವಲ್ಲ ದಣಿ. ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಾ?"

ಗೋಡೆಗೆ ಆತಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಜಮೀನುದಾರರ ಸಾಲಿನಲ್ಲೂ ಒಬ್ಬ ಮೀಸೆಯಡಿ ನಕ್ಕ. ಅತ್ತೆ ಜನರ ನಡುವೆ ನುಗ್ಗಿಕೊಂಡು ಬಂದು, ಸಾಹೇಬನ ಮುಂದಿನ ಮೇಜಿನ ಮೇಲೆ ಕುಂಬಳಕಾಯಿ ಇಟ್ಟಳು. ಈ ಸಲ ಮೆಲ್ಲಗೆ ಇಟ್ಟಳು.

"ನಮ್ಮ ಹೊಲದ್ದು ಇದು. ಬಯಲಿನಲ್ಲಿ ಬೆಳೆ ಇದೆ ಅಂತಾರಲ್ಲ ದಣಿ, ಒಂದು ತೆನೆ ತಂದು ಇದರ ಪಕ್ಕ ಇಡಲಿ. ಒಂದೇ ಒಂದು. ನಾನು ಎಲ್ಲಿಂದಾದ್ರೂ ತಂದಿರಬಹುದು ಅನ್ನಲ್ಲ."

ದಣಿಯ ಬಾಯಿಂದ ಬಂದದ್ದು ಬರೀ ಉಗುಳು. "ಬೆರಕೆ ಸೂಳೇರಾ! ನನ್ನ ಗೋದಾಮಿನಲ್ಲೇ ಕೂತು, ನನ್ನ ನೆರಳಲ್ಲೇ ಕೂತು..." ಅವನು ಕ್ಲಿಕ್ಕಪ್ಪನ ಕೊರಳಪಟ್ಟಿ ಹಿಡಿದು ಎಳೆದ. "ತಿದ್ದೋ! ಈಗಲೇ ತಿದ್ದೋ, ಬೋಳಿಮಗನೆ!"

ದೊಡ್ಡ ಸಾಹೇಬರಲ್ಲಿ ಒಬ್ಬ ಕೆಮ್ಮಿದ. "ತಪ್ಪಾಗಿದ್ರೆ ಕೈಯಲ್ಲಿ ತಿದ್ದೋಕೆ ನಿಯಮ ಇದೆಯಲ್ಲ?"

"ಇದೆ ಸರ್," ಎಂದ ಕ್ಲಿಕ್ಕಪ್ಪ. ಬೆವರು ಅವನ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. "ಮ್... ಮೂವರು ನೋಡಬೇಕು ಸರ್. ಇಬ್ಬರು ಹೇಳಿದ್ದು ನಿಜ." ಅವನು ಕಳೆಯಕ್ಕನ ರಟ್ಟೆ ಹಿಡಿದು ಎಳೆದು ತಂದು ಕಂಪ್ಯೂಟರಿನ ಮುಂದೆ ಕುಕ್ಕರಿಸಿದ. ಗಿಳಿಯನ್ನೂ ಬಸುರಿಯನ್ನೂ ಅವಳ ಎರಡು ಪಕ್ಕ ನಿಲ್ಲಿಸಿದ. ತೆರೆಯ ಮೇಲೆ ದಣಿಯ ಬಯಲು, ಪಕ್ಕದಲ್ಲಿ ನಾಲ್ಕು ಗುಂಡಿ.

"ಬೆಳೆ ಅಂತ ಒತ್ತೇ."

"ಪಾಳು ಸಾರ್," ಎಂದಳು ಕಳೆಯಕ್ಕ.

"ನಿನ್ನ ಕೆಲಸ ಇವತ್ತಿಗೇ ಮುಗೀತು, ಮುಂಡೆ! ಬಸುರಿ, ನೀನು ಹೇಳು."

ಬಸುರಿ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟುಕೊಂಡಳು. ದಣಿ ಅವಳನ್ನೇ ನೋಡುತ್ತಿದ್ದ. ಅವಳ ಗಂಡ ಬಾಗಿಲ ಬಳಿ ಟ್ರ್ಯಾಕ್ಟರಿನ ಬೀಗದ ಕೈ ಹಿಡಿದು ನಿಂತಿದ್ದ, ನೆಲ ನೋಡುತ್ತಿದ್ದ.

"ಬೆಳೆ," ಎಂದಳು. ಕಳೆಯಕ್ಕನ ಕಡೆ ತಿರುಗಲಿಲ್ಲ. ಕೆನ್ನೆಯ ಮೇಲೆ ಇಳಿದದ್ದನ್ನು ಒರೆಸಿಕೊಳ್ಳಲೂ ಇಲ್ಲ. ಕಳೆಯಕ್ಕನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ತಾನೂ ಆರು ತಿಂಗಳು ಹಾಗೇ ಒತ್ತಿದವಳಲ್ಲವೇ?

ಕ್ಲಿಕ್ಕಪ್ಪನಿಗೆ ಹೋದ ಜೀವ ಬಂತು. ಉಳಿದವಳು ಗಿಳಿ. ಎಂದೂ ತಪ್ಪು ಒಪ್ಪಿಸದವಳು. ದಣಿ ಕುರ್ಚಿ ಎತ್ತಿಸಿಕೊಂಡು ಕೂತ. ಅವಳ ತಾಯಿ ಇನ್ನೂ ಅವನ ಅಂಗಳ ಗುಡಿಸುತ್ತಿದ್ದಳು.

"ಗಿಳಿ, ಗೋಡೆ ಮೇಲೆ ಏನಿದೆ? ಎಲ್ಲರಿಗೂ ಕೇಳೋ ಹಾಗೆ ಹೇಳು."

ಗಿಳಿ ಯಾವತ್ತಿನಂತೆ ನೆಟ್ಟಗೆ ನಿಂತಳು. ಯಾವತ್ತಿನಂತೆ ಗಂಟಲು ಸರಿಮಾಡಿಕೊಂಡಳು.

"ಗೆರೆ ಇದ್ದರೆ ಬೆಳೆ," ಎಂದಳು.

"ಹಾಂ!" ಎಂದ ಕ್ಲಿಕ್ಕಪ್ಪ.

"ಬೆಳೆ ಇದ್ದರೆ ಕಳೆ," ಎಂದಳು ಗಿಳಿ, ಅದೇ ರಾಗದಲ್ಲಿ. "ಕಳೆ ಇದ್ದರೆ ಕೂಲಿ. ಎರಡು ವರ್ಷದಿಂದ ನಮ್ಮನ್ನ ಕೂಲಿಗೆ ಯಾರು ಕರೆದ್ರು ಸಾರ್? ಪಾಳು."

ಇಬ್ಬರಾಯಿತು. ಕಳೆಯಕ್ಕ ಇಲಿಯ ಮೇಲೆ ಬೆರಳಿಟ್ಟಳು. ಕ್ಲಿಕ್ಕಪ್ಪನ ಕೈ ಅವಳ ಕೈಯತ್ತ ಬರುವ ಮೊದಲೇ ಒತ್ತಿದಳು.